ಆಶಾ ಕಾರ್ಯಕರ್ತೆಯರಿಗೆ ಪೀಸ್ ರೇಟ್ ಸಾಕು, ಇನ್ನು ಪಗಾರ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ವಾಚಕರೊಬ್ಬರು ಆಶಾ ಕಾರ್ಯಕರ್ತೆಯರ ಧರಣಿಯ ಬಗ್ಗೆ ಬರೆದಿದ್ದರು. ಇವರು ಸ್ವಯಂಸೇವಕಿಯರು, ಎಷ್ಟು ಸಿಗುತ್ತದೆ ಅಂತ ಗೊತ್ತಿದ್ದೇ ಬಂದವರು, ಪದೇ ಪದೇ ಧರಣಿ ಯಾಕೆ, ಸಾಲದಿದ್ದರೆ ಬಿಡಲಿ, ಬೇರೆಯವರು ಬರುತ್ತಾರೆ ಎಂಬುದು ಅವರ ವಾದ. ಅದಕ್ಕೆ ಉತ್ತರವಾಗಿ ಈ ಪತ್ರ. ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಟೇಲರ್. ನನ್ನ ಹೆಂಡತಿ 2009ರಿಂದ ಅದೇ ಊರಿನ ಆಶಾ ಕಾರ್ಯಕರ್ತೆ. ದಯವಿಟ್ಟು ಹೆಸರು ಹಾಕಬೇಡಿ. ಯಾಕೆ ಅಂತ ನಿಮಗೆ ಗೊತ್ತಾಗುತ್ತದೆ.

ಧರಣಿಯ ಫೋಟೋಗಳಲ್ಲಿ ಕಾಣುವ ಗುಲಾಬಿ ಸೀರೆಗಳಿವೆಯಲ್ಲ, ನಮ್ಮ ಸುತ್ತಲಿನ ಊರುಗಳ ಆಶಾಗಳಿಗೆ ಅದರ ಮೇಲಿನ ಬ್ಲೌಸ್ ಹೊಲಿಯುವವನು ನಾನೇ. ಮಜೂರಿಯಲ್ಲಿ ಅವರಿಗೆ ರಿಯಾಯಿತಿ ಉಂಟು. ಕೊಡದಿದ್ದರೆ ಮನೆಯಲ್ಲಿ ನನಗೆ ರೊಟ್ಟಿ ಸಿಗುವುದಿಲ್ಲ. ಅಳತೆ ಕೊಡಲು ಬಂದವರು, ಹೊಲಿದದ್ದು ಒಯ್ಯಲು ಬಂದವರು ಅಂಗಡಿ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಾರೆ. ಯಾರಿಗೆ ಯಾವ ತಿಂಗಳ ದುಡ್ಡು ಬಂತು, ಯಾವುದು ಬಂದಿಲ್ಲ, ಯಾವುದು ಕಟ್ ಆಯಿತು, ಎಲ್ಲಾ ಅಲ್ಲೇ ನಡೆಯುತ್ತದೆ. ಮಿಷನ್ ತುಳಿಯುವವನ ಕೈಕಾಲಿಗೆ ಕೆಲಸ ಇರುತ್ತದೆ, ಕಿವಿ ಖಾಲಿ ಇರುತ್ತದೆ.

ನಾನು ಪೀಸ್ ಲೆಕ್ಕದಲ್ಲಿ ದುಡಿಯುವವನು. ಸಾದಾ ಬ್ಲೌಸಿಗೆ ಒಂದು ರೇಟು, ಲೈನಿಂಗ್ ಇದ್ದರೆ ಇನ್ನೊಂದು, ಸೀರೆ ಫಾಲಿಗೆ ಬೇರೆ. ನನ್ನ ಕಸುಬಿಗೆ ಅದು ಸರಿ ಹೊಂದುತ್ತದೆ. ಬಟ್ಟೆ ಬಂತು, ಹೊಲಿದೆ, ಕೊಟ್ಟೆ, ದುಡ್ಡು ತಗೊಂಡೆ. ರಾತ್ರಿ ಎಂಟಕ್ಕೆ ಶಟರ್ ಎಳೆದರೆ ಬೆಳಗಿನ ತನಕ ಯಾರೂ ಕೇಳುವಂತಿಲ್ಲ. ನನ್ನ ಹೆಂಡತಿಗೂ ಸರ್ಕಾರ ಹೀಗೇ ಪೀಸ್ ಲೆಕ್ಕ ಹಾಕಿದೆ. ಆದರೆ ಆಕೆಯ ಕೆಲಸಕ್ಕೆ ಶಟರ್ ಇಲ್ಲ.

ರೇಟು ಹೇಗಿದೆ ಅಂತ ಓದುಗರಿಗೆ ಹೇಳಬೇಕು. ಹಳ್ಳಿಯಲ್ಲಿ ಒಬ್ಬ ಗರ್ಭಿಣಿಯ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿ, ಎಲ್ಲಾ ತಪಾಸಣೆ ಮುಗಿಸಿದರೆ 300 ರೂಪಾಯಿ. ಆಕೆಗೆ ದವಾಖಾನೆಯಲ್ಲೇ ಹೆರಿಗೆಯಾದರೆ ಇನ್ನೊಂದು 300. ಹೆರಿಗೆಯಾದ ಮೂರನೇ ದಿನ, ಏಳನೇ ದಿನ, ಆಮೇಲೆ 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ಕೂಸನ್ನು ತೂಕ ಮಾಡಿ, ಜ್ವರ ನೋಡಿ, ಎದೆಹಾಲು ಸರಿಯಾಗಿ ಕುಡಿಯುತ್ತಿದೆಯೇ ಅಂತ ನೋಡಿದರೆ ಆರೂ ಭೇಟಿಗೆ ಸೇರಿ 250. ಒಂದು ವರ್ಷದೊಳಗೆ ಮಗುವಿನ ಎಲ್ಲಾ ಚುಚ್ಚುಮದ್ದು ಮುಗಿದರೆ 100. ಮೂವತ್ತು ದಾಟಿದವರ ಮನೆಗೆ ಹೋಗಿ ಬಿಪಿ, ಶುಗರ್, ತಂಬಾಕು, ಬಾಯಿ ಹುಣ್ಣು ಅಂತ ಕೇಳಿ ಒಂದು ಫಾರ್ಮ್ ತುಂಬಿದರೆ 10 ರೂಪಾಯಿ. ಕ್ಷಯ ರೋಗಿಯೊಬ್ಬನಿಗೆ ಆರು ತಿಂಗಳು ಗುಳಿಗೆ ನುಂಗಿಸಿ ಗುಣ ಮಾಡಿಸಿದರೆ 1,000. ಇದರ ಮೇಲೆ ಮನೆ ಪಟ್ಟಿ ಬರೆಯುವುದು, ಮೀಟಿಂಗಿಗೆ ಹೋಗುವುದು, ಅಂಗನವಾಡಿಯಲ್ಲಿ ತಿಂಗಳ ಆರೋಗ್ಯ ದಿನ ಮಾಡಿಸುವುದು, ಇಂಥವಕ್ಕೆ ಕೇಂದ್ರದಿಂದ ತಿಂಗಳಿಗೆ 2,000 ಇತ್ತು. ಅದನ್ನು 3,500 ಮಾಡುವುದಾಗಿ 2025ರಲ್ಲಿ ತೀರ್ಮಾನವಾಯಿತು. ರಾಜ್ಯ ಸರ್ಕಾರದ ಗೌರವಧನ ಬೇರೆ.

ಕೇಳಲು ಚೆನ್ನಾಗಿದೆ ಅಲ್ವಾ? ಮಾಡಿದಷ್ಟು ದುಡ್ಡು. ಈಗ ರೇಟಿನ ಪಟ್ಟಿಯಲ್ಲಿ ಇಲ್ಲದ್ದನ್ನು ನೋಡೋಣ.

ಮೊದಲನೆಯದು ತವರುಮನೆ. ನಮ್ಮ ಕಡೆ ಚೊಚ್ಚಲು ಬಸಿರಿಗೆ ಏಳನೆಯದೋ ಒಂಬತ್ತನೆಯದೋ ತಿಂಗಳಲ್ಲಿ ಕುಬಸ ಮಾಡಿ ಹುಡುಗಿಯನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ಕುಬಸದ ಖಣ ಹೊಲಿಯಲು ನನ್ನ ಹತ್ತಿರವೇ ಬರುವುದರಿಂದ ಯಾರ ಮನೆಯಲ್ಲಿ ಎಷ್ಟನೇ ತಿಂಗಳು ಅಂತ ನನಗೂ ಒಂದು ಅಂದಾಜು ಇರುತ್ತದೆ. ಅಷ್ಟೂ ತಿಂಗಳು ಹುಡುಗಿಯ ಹಿಂದೆ ಬಿದ್ದು ಕಬ್ಬಿಣದ ಗುಳಿಗೆ ನುಂಗಿಸಿದವಳು ನನ್ನ ಹೆಂಡತಿ. ರಕ್ತ ಏಳು ಗ್ರಾಂ ಇದ್ದದ್ದನ್ನು ಹತ್ತಕ್ಕೆ ತಂದವಳೂ ಆಕೆಯೇ. ಹೆರಿಗೆ ಆಗುವುದು ಕೊಪ್ಪಳದ ಕಡೆಯ ಇನ್ನೊಂದು ಊರಿನಲ್ಲಿ, ಅಲ್ಲಿನ ಆಶಾ ಲೆಕ್ಕದಲ್ಲಿ. ಅಲ್ಲಿನವಳಿಗೆ ಸಿಗಬಾರದು ಅಂತ ನಾನು ಹೇಳುತ್ತಿಲ್ಲ. ಬಾಣಂತನ ನೋಡುವವಳು ಆಕೆಯೇ ತಾನೇ. ಆದರೆ ಒಂದು ಹೆರಿಗೆಯನ್ನು ಹೀಗೆ ಎರಡು ತುಂಡು ಮಾಡಿ ಹಂಚಲು ಬರುವುದಿಲ್ಲ. ಎಷ್ಟೋ ಸಲ ಇಬ್ಬರ ಲೆಕ್ಕದಿಂದಲೂ ಅದು ತಪ್ಪಿ ಹೋಗುತ್ತದೆ. ಆನ್‌ಲೈನಿನಲ್ಲಿ ಒಂದು ತಪಾಸಣೆ ಏರಿಸುವುದು ಬಿಟ್ಟುಹೋದರೂ ಇಡೀ ಬಾಬ್ತು ಹೋಯಿತು. ಏರಿಸುವವರು ಬೇರೆ, ದುಡ್ಡು ಕಳೆದುಕೊಳ್ಳುವವಳು ಬೇರೆ.

ಎರಡನೆಯದು ಗುಳೆ. ಗಜೇಂದ್ರಗಡ, ರೋಣ ಕಡೆಯ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು ಕಡೆ ಜನ ಹೋಗುತ್ತಾರೆ. ಕೂಸು ಕಂಕುಳಲ್ಲೇ ಹೋಗುತ್ತದೆ. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರದ ಸೂಜಿ ಆ ಹೊತ್ತಿಗೇ ಬರುತ್ತದೆ. ನನ್ನ ಹೆಂಡತಿ ಫೋನ್ ಹಚ್ಚಿ, ‘ಯಾವ ಊರಾಗ ಅದೀರಿ, ಅಲ್ಲಿ ಅಂಗನವಾಡಿ ಎಲ್ಲೈತಿ ಕೇಳ್ರಿ, ಕಾರ್ಡ್ ಒಯ್ದು ತೋರಸ್ರಿ’ ಅಂತ ಹೇಳುತ್ತಾಳೆ. ಅವರು ಅಲ್ಲೇ ಹಾಕಿಸಿದರೆ ಮಗುವಿಗೆ ಒಳ್ಳೆಯದಾಯಿತು. ಈಕೆಯ ಲೆಕ್ಕದಲ್ಲಿ ಮಾತ್ರ ಆ ಮಗು ‘ಪೂರ್ಣಗೊಂಡಿಲ್ಲ’. ಆ ಫೋನಿನ ರೀಚಾರ್ಜ್ ನಮ್ಮದು.

ಮೂರನೆಯದು ರಾತ್ರಿ. ‘ಅಕ್ಕಾರ, ನಮ್ಮ ಸೊಸಿಗೆ ನೀರು ಹೋಗಾಕತ್ತೈತಿ, ಲಗೂ ಬರ್ರಿ’ ಅಂತ ಒಂದು ಫೋನ್. 108 ಬರುವ ತನಕ ಆ ಮನೆಯಲ್ಲಿ ಧೈರ್ಯ ಹೇಳುತ್ತಾ ಕೂರಬೇಕು. ಗಾಡಿ ಬಂದರೆ ಜೊತೆಗೆ ಹತ್ತಬೇಕು. ತಾಲ್ಲೂಕು ದವಾಖಾನೆಯವರು ಗದಗಕ್ಕೆ ಬರೆದುಕೊಡುತ್ತಾರೆ. ಒಮ್ಮೊಮ್ಮೆ ಗದಗದಿಂದ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ದವಾಖಾನೆ ಕಿಮ್ಸ್‌ಗೆ ಹೋಗು ಅನ್ನುತ್ತಾರೆ. ಹೋಗುವಾಗ ಆಂಬುಲೆನ್ಸ್ ಉಂಟು. ಬರುವಾಗ? ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಉಳಿಯಿತು, ಅದನ್ನು ಒಪ್ಪಬೇಕು. ಆದರೆ ನಸುಕಿನ ಮೂರಕ್ಕೆ ಗದಗದಿಂದ ನಮ್ಮೂರಿಗೆ ಯಾವ ಬಸ್ಸೂ ಇಲ್ಲ. ದವಾಖಾನೆಯ ಕಾರಿಡಾರಿನಲ್ಲಿ ಸೆರಗು ಹಾಸಿ ಮಲಗಿ ಬೆಳಿಗ್ಗೆ ಬರುತ್ತಾಳೆ. ಬಂದವಳು ಸ್ನಾನ ಮಾಡಿ ಮತ್ತೆ ಸಮೀಕ್ಷೆಗೆ ಹೊರಡುತ್ತಾಳೆ. ಅವತ್ತು ಲಾರ್ವಾ ಸಮೀಕ್ಷೆ ಇರುತ್ತದೆ, ನೀರಿನ ತೊಟ್ಟಿಗೆ ಟಾರ್ಚ್ ಬಿಟ್ಟು ಸೊಳ್ಳೆ ಹುಳ ನೋಡಬೇಕು.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಹೊಳೆ ಏರಿ ಹೊಳೆಆಲೂರು ಕಡೆಯ ಊರುಗಳಿಗೆ ನೀರು ನುಗ್ಗಿದಾಗ ಜನರನ್ನು ಪರಿಹಾರ ಕೇಂದ್ರಗಳಿಗೆ ಸಾಗಿಸಿದರಲ್ಲ, ಅಲ್ಲಿ ಬಸುರಿಯರು ಯಾರು, ಶುಗರ್ ಗುಳಿಗೆ ಮನೆಯಲ್ಲೇ ಬಿಟ್ಟು ಬಂದ ಮುದುಕರು ಯಾರು ಅಂತ ಹೆಸರು ಹಿಡಿದು ಹೇಳಿದವರು ಆಶಾಗಳು. ಡಾಕ್ಟರಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿರಲು ಸಾಧ್ಯವೂ ಇಲ್ಲ, ಅವರು ವರ್ಷಕ್ಕೆ, ಎರಡು ವರ್ಷಕ್ಕೆ ವರ್ಗವಾಗುವವರು. ಮರುವರ್ಷ ಕೊರೊನಾ ಬಂತು. ಹೊರಗಿನಿಂದ ಬಂದವರ ಮನೆ ಬಾಗಿಲಿಗೆ ಹೋಗಿ ಚೀಟಿ ಅಂಟಿಸಿ ಬೈಸಿಕೊಂಡವರು ಯಾರು ಅಂತ ಎಲ್ಲರಿಗೂ ನೆನಪಿದೆ. ಕೇಂದ್ರದಿಂದ ತಿಂಗಳಿಗೆ 1,000 ಅಂತ ಬಂತು. ರಾಜ್ಯದಲ್ಲಿ ಸಹಕಾರ ಸಂಘಗಳ ಕಡೆಯಿಂದ ಒಂದು ಸಲ 3,000 ಕೊಟ್ಟರು. ಚಪ್ಪಾಳೆಯೂ ಸಿಕ್ಕಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟರು. ಅವತ್ತು ಊರಿನ ಹುಡುಗರು ನಮ್ಮಾಕೆಯ ಫೋಟೋ ಸ್ಟೇಟಸ್‌ಗೆ ಹಾಕಿಕೊಂಡಿದ್ದರು. ಆ ತಿಂಗಳ ಪ್ರೋತ್ಸಾಹಧನ ಎಷ್ಟು ತಡವಾಗಿ ಬಂತು ಅಂತ ಬರೆದರೆ ಸುಮ್ನೆ ಜಗಳವಾಗುತ್ತದೆ, ಬಿಡಿ.

ಇಷ್ಟರವರೆಗೆ ಕಷ್ಟದ ಮಾತಾಯಿತು. ಕಷ್ಟ ಎಲ್ಲರಿಗೂ ಇದೆ. ನನ್ನ ನಿಜವಾದ ತಕರಾರು ಬೇರೆ. ಪೀಸ್ ರೇಟ್ ಅನ್ನುವ ಪದ್ಧತಿಯೇ ಈ ಕೆಲಸಕ್ಕೆ ತಿರುಗುಮುರುಗಾಗಿದೆ.

ಯೋಚಿಸಿ ನೋಡಿ. ಆಶಾ ಚೆನ್ನಾಗಿ ಕೆಲಸ ಮಾಡಿದರೆ ಊರಿನಲ್ಲಿ ಏನಾಗುತ್ತದೆ? ಹೆಣ್ಣುಮಕ್ಕಳು ಎರಡು ಮಕ್ಕಳಿಗೆ ಸಾಕು ಅನ್ನುತ್ತಾರೆ. ಹದಿನೆಂಟು ದಾಟುವ ಮೊದಲು ಮದುವೆ ಮಾಡುವುದು ಕಡಿಮೆಯಾಗುತ್ತದೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ದವಾಖಾನೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ 97. ಅದೇ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಒಂದು ಲಕ್ಷ ಹೆರಿಗೆಗೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ಇದೆಲ್ಲಾ ಆಶಾ ಒಬ್ಬಳಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ರಸ್ತೆ ಬಂತು, 108 ಬಂತು, ಹುಡುಗಿಯರು ಶಾಲೆ ಕಲಿತರು, ನರ್ಸಮ್ಮ ದುಡಿದರು. ಆದರೆ ಮನೆಯೊಳಗೆ ಹೋಗಿ ಅತ್ತೆಯನ್ನು ಒಪ್ಪಿಸಿದ್ದು ಯಾರು?

ಈಗ ಬಸುರಿಯರು ಕಡಿಮೆ. ಹಾಗಾಗಿ ಬಸುರಿ ಲೆಕ್ಕದ ದುಡ್ಡೂ ಕಡಿಮೆ. ಊರು ಸುಧಾರಿಸಿದಷ್ಟೂ ಆಶಾ ಗಳಿಕೆ ಇಳಿಯುತ್ತದೆ. ನನ್ನ ಅಂಗಡಿಯಲ್ಲಿ ಹೊಲಿಗೆ ಚೆನ್ನಾಗಿದ್ದರೆ ಗಿರಾಕಿ ಜಾಸ್ತಿಯಾಗುತ್ತಾರೆ. ಆಕೆಯ ಕೆಲಸ ಚೆನ್ನಾದರೆ ಗಿರಾಕಿ ಇಲ್ಲವಾಗುತ್ತಾರೆ. ಇಲ್ಲವಾಗಬೇಕು, ಅದೇ ಗುರಿ. ಆದರೆ ಕೆಲಸ ಕಡಿಮೆಯಾಗಿಲ್ಲ, ಬದಲಾಗಿದೆ. ಈಗ ಊರಿನ ತುಂಬಾ ಬಿಪಿ, ಶುಗರ್. ನಲವತ್ತೈದಕ್ಕೇ ಲಕ್ವ ಹೊಡೆದು ಮಲಗಿದವರಿದ್ದಾರೆ. ಗುಟ್ಕಾ ತಿಂದು ಬಾಯಿ ತೆರೆಯಲಾಗದ ಹುಡುಗರಿದ್ದಾರೆ. ಮಕ್ಕಳೆಲ್ಲಾ ಬೆಂಗಳೂರು ಸೇರಿ ಒಂಟಿಯಾದ ಮುದುಕಿಯರಿದ್ದಾರೆ. ಸರ್ಕಾರಕ್ಕೂ ಇದು ಗೊತ್ತು. ಅದಕ್ಕೇ ಮನೆ ಮನೆಗೆ ಹೋಗಿ ಕಾಯಿಲೆ ಪತ್ತೆ ಹಚ್ಚುವ ‘ಗೃಹ ಆರೋಗ್ಯ’ ಯೋಜನೆಯನ್ನು 2024ರಲ್ಲಿ ಕೋಲಾರದಲ್ಲಿ ಶುರು ಮಾಡಿದರು. ಒಳ್ಳೆಯ ಯೋಜನೆ. ಆದರೆ ಬಿಪಿ ಇದ್ದವನನ್ನು ಪತ್ತೆ ಹಚ್ಚುವುದು ಒಂದು ದಿನದ ಕೆಲಸ. ಅವನು ಇಪ್ಪತ್ತು ವರ್ಷ ಗುಳಿಗೆ ಬಿಡದ ಹಾಗೆ ನೋಡಿಕೊಳ್ಳುವುದು ಇಪ್ಪತ್ತು ವರ್ಷದ ಕೆಲಸ. ‘ಈಗ ಆರಾಮ ಅದೀನಿ, ಗುಳಿಗಿ ಯಾಕ’ ಅನ್ನುವವನ ಜೊತೆ ವಾದ ಮಾಡುವುದಕ್ಕೆ ಯಾವ ಪೀಸ್ ರೇಟ್ ಹಾಕುತ್ತೀರಿ?

ನನ್ನ ಮಗಳು ಗದಗದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವ್ವನ ಕೆಲಸ ಕಂಡೇ ಆ ಓದು ಹಿಡಿದಳು, ಅವ್ವನ ಗಳಿಕೆ ಕಂಡೇ ಆಶಾ ಆಗುವುದಿಲ್ಲ ಅಂದಳು. ರಜೆಗೆ ಬಂದಾಗ ಅವಳ ಸಮುದಾಯ ಆರೋಗ್ಯದ ಪಾಠಗಳನ್ನು ನನಗೆ ಓದಿ ಹೇಳುತ್ತಾಳೆ. ನಾನು ಕಾಜಾ ಹಾಕುತ್ತಾ ಕೇಳುತ್ತೇನೆ. ಅದರಿಂದ ತಿಳಿದ ಕೆಲವು ಸಂಗತಿ ಹೇಳುತ್ತೇನೆ, ಯಾಕೆಂದರೆ ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ.

ಊರಿನವರಿಗೇ ತರಬೇತಿ ಕೊಟ್ಟು ಊರಿನ ಆರೋಗ್ಯ ನೋಡಿಸುವ ವಿಚಾರ ಹಳೆಯದು. ಚೀನಾದಲ್ಲಿ 1960ರ ದಶಕದಲ್ಲಿ ಬರಿಗಾಲ ವೈದ್ಯರು ಅಂತ ಲಕ್ಷಗಟ್ಟಲೆ ಜನರನ್ನು ಮಾಡಿದ್ದರು. ಅವರಿಗೆ ಕೂಲಿ ಬರುತ್ತಿದ್ದದ್ದು ಹಳ್ಳಿಯ ಸಾಮೂಹಿಕ ಬೇಸಾಯದ ಗಳಿಕೆಯಿಂದ. ಎಂಬತ್ತರ ದಶಕದಲ್ಲಿ ಆ ಬೇಸಾಯದ ಪದ್ಧತಿ ಮುರಿದುಬಿತ್ತು, ಅದರ ಜೊತೆ ಇದೂ ಹೋಯಿತು. ನಮ್ಮ ದೇಶದಲ್ಲೂ 1977ರ ಗಾಂಧಿ ಜಯಂತಿಯಂದು ಇಂಥದ್ದೇ ಒಂದು ಯೋಜನೆ ಶುರುವಾಗಿತ್ತು. ತಿಂಗಳಿಗೆ 50 ರೂಪಾಯಿ ಗೌರವಧನ. ಹೆಚ್ಚಿನವರು ಗಂಡಸರು. ಕರ್ನಾಟಕ ಸೇರಿದಂತೆ ಕೆಲವು ರಾಜ್ಯಗಳು ಅದನ್ನು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡ ಕಡೆಯೂ ನಿಧಾನಕ್ಕೆ ಆರಿಹೋಯಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಸಾವಿರ ಜನಕ್ಕೆ ಒಬ್ಬ ಆಶಾ ಅಂತ ಮಾಡಿದರು. ಇವತ್ತು ದೇಶದಲ್ಲಿ ಸುಮಾರು ಹತ್ತು ಲಕ್ಷ ಆಶಾಗಳಿದ್ದಾರೆ, ನಮ್ಮ ರಾಜ್ಯದಲ್ಲಿ 42 ಸಾವಿರದಷ್ಟು.

ನನ್ನ ಹೆಂಡತಿಯ ಚೀಲದಲ್ಲಿ ಕೂಸಿನ ತೂಕದ ಒಂದು ಜೋಳಿಗೆ ತಕ್ಕಡಿ ಇದೆ. ಅದರ ಹಿಂದೆ ಮಹಾರಾಷ್ಟ್ರದ ಗಡಚಿರೋಲಿಯ ಕಥೆ ಇದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ಉಸಿರು ಕಟ್ಟಿದರೆ ಏನು ಮಾಡಬೇಕು, ಸೋಂಕು ತಗಲಿದ್ದು ಹೇಗೆ ಗೊತ್ತಾಗುತ್ತದೆ, ಕೂಸನ್ನು ಬೆಚ್ಚಗೆ ಇಡುವುದು ಹೇಗೆ ಅಂತ. 39 ಹಳ್ಳಿಗಳಲ್ಲಿ ಮೂರು ವರ್ಷ ಮಾಡಿ ನೋಡಿದಾಗ, ಅದಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ ನವಜಾತ ಶಿಶುಗಳ ಸಾವು ನೂರಕ್ಕೆ 62ರಷ್ಟು ಇಳಿದಿತ್ತು. 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2011ರಿಂದ ಅದೇ ಕೆಲಸವನ್ನು ದೇಶದ ಆಶಾಗಳಿಗೆ ವಹಿಸಿದರು. ಡಾಕ್ಟರು, ಇನ್‌ಕ್ಯುಬೇಟರ್ ಯಾವುದೂ ಇಲ್ಲದೆ ಐದರಿಂದ ಹತ್ತನೇ ಕ್ಲಾಸ್ ತನಕ ಕಲಿತ ಹೆಂಗಸರು ಮಾಡಿದ ಕೆಲಸ ಇದು. ಅದಕ್ಕೆ ನಾವು ಇಟ್ಟ ಬೆಲೆ, ಒಂದು ಕೂಸಿಗೆ 250.

ಬೇರೆ ಬಡ ದೇಶಗಳು ಏನು ಮಾಡಿವೆ? ಇಥಿಯೋಪಿಯಾ 2003ರಲ್ಲಿ ಶುರು ಮಾಡಿತು. ಐದು ಸಾವಿರ ಜನಕ್ಕೆ ಒಂದು ಆರೋಗ್ಯ ಕಟ್ಟೆ, ಅದಕ್ಕೆ ಇಬ್ಬರು ಹುಡುಗಿಯರು, ಒಂದು ವರ್ಷ ತರಬೇತಿ, ಆಮೇಲೆ ಸರ್ಕಾರಿ ಪಗಾರ. 30 ಸಾವಿರಕ್ಕೂ ಜಾಸ್ತಿ ಹುಡುಗಿಯರನ್ನು ಹೀಗೆ ತೆಗೆದುಕೊಂಡರು. ಅದು ನಮಗಿಂತ ಬಡ ದೇಶ ಅನ್ನುವುದನ್ನು ಮರೆಯಬೇಡಿ. ಬ್ರೆಜಿಲ್‌ನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಮುದಾಯ ಆರೋಗ್ಯ ಕಾರ್ಯಕರ್ತರಿದ್ದಾರೆ. ಅವರಿಗೆ ದೇಶದ ಕನಿಷ್ಠ ವೇತನದ ಎರಡು ಪಟ್ಟಿಗಿಂತ ಕಡಿಮೆ ಕೊಡುವಂತಿಲ್ಲ ಅಂತ 2022ರಲ್ಲಿ ಸಂವಿಧಾನದಲ್ಲೇ ಬರೆದರು. ಪಾಕಿಸ್ತಾನದ ಲೇಡಿ ಹೆಲ್ತ್ ವರ್ಕರ್‌ಗಳು ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿ ನೌಕರಿ ಕಾಯಂ ಮಾಡಿಸಿಕೊಂಡರು. ಈ ಬಗೆಯ ಕಾರ್ಯಕರ್ತರಿಗೆ ಬರೀ ಕೆಲಸದ ಲೆಕ್ಕದ ಪ್ರೋತ್ಸಾಹಧನವನ್ನೇ ನೆಚ್ಚಿ ಕೊಡುವುದು ಬೇಡ, ಕೆಲಸಕ್ಕೆ ತಕ್ಕ ಸಂಬಳ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಪ್ರಶಸ್ತಿ ಕೊಟ್ಟವರ ಮಾತು ಇದು. ಫಲಕ ಮಾತ್ರ ತೆಗೆದುಕೊಂಡು ಮಾತು ಬಿಟ್ಟರೆ ಹೇಗೆ?

ಇನ್ನು ದುಡ್ಡಿನ ಪ್ರಶ್ನೆ. ಇದು ಯಾರ ದುಡ್ಡಿನಲ್ಲಿ ನಡೆಯಬೇಕು ಅನ್ನುವುದೂ ಮುಖ್ಯ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಆಫ್ರಿಕಾದ ಎಷ್ಟೋ ಕಡೆ ಆ ದುಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಕಾರ್ಯಕರ್ತರು ಮರುದಿನವೇ ಮನೆಗೆ ಹೋಗಬೇಕಾಯಿತು. ಎಚ್‌ಐವಿ ರೋಗಿಗಳಿಗೆ ಗುಳಿಗೆ ಮುಟ್ಟಿಸುವವರೇ ಇಲ್ಲವಾದರು. ನಮಗೆ ಆ ಭಯ ಇಲ್ಲ. ನಮ್ಮ ಆಶಾಗಳು ನಮ್ಮದೇ ತೆರಿಗೆಯಲ್ಲಿ ನಡೆಯುತ್ತಾರೆ. ಅಭಿಯಾನದ ಖರ್ಚಿನಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಆದರೆ ಅದು ಇನ್ನೂ ‘ಅಭಿಯಾನ’ವಾಗಿಯೇ ಉಳಿದಿದೆ. ಇಪ್ಪತ್ತು ವರ್ಷ ದಾಟಿದ ಮೇಲೂ ಆಶಾ ಯಾವ ಇಲಾಖೆಯ ನೌಕರಳೂ ಅಲ್ಲ. ಕೇಂದ್ರವನ್ನು ಕೇಳಿದರೆ ರಾಜ್ಯ ಕೊಡಲಿ ಅನ್ನುತ್ತದೆ. ರಾಜ್ಯವನ್ನು ಕೇಳಿದರೆ ಕೇಂದ್ರದ ಯೋಜನೆ ಅನ್ನುತ್ತದೆ. ಆಶಾ, ಅಂಗನವಾಡಿಯವರಂಥ ಸ್ಕೀಮ್ ಕೆಲಸಗಾರರನ್ನು ಕಾರ್ಮಿಕರೆಂದು ಒಪ್ಪಬೇಕು ಅಂತ 2013ರಲ್ಲೇ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲುತ್ತದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಶಾಗೆ? ಹತ್ತು ವರ್ಷ ದುಡಿದು ಬಿಟ್ಟರೆ ಒಂದೇ ಸಲ 20,000 ಅಂತ ಇತ್ತು, ಅದನ್ನೀಗ 50,000 ಮಾಡಿದ್ದಾರೆ. ನಮ್ಮ ಎತ್ತಿನ ಸಂತೆಯಲ್ಲಿ ಆ ದುಡ್ಡಿಗೆ ಒಂದು ಒಳ್ಳೆಯ ಎತ್ತು ಬರುವುದಿಲ್ಲ.

ಬೊಕ್ಕಸ ಬರಿದಾಗುತ್ತದೆ ಅನ್ನುವವರಿಗಾಗಿ ಒಂದು ಗುಣಾಕಾರ ಮಾಡಿದ್ದೇನೆ. ರಾಜ್ಯದ 42 ಸಾವಿರ ಆಶಾಗಳಿಗೆ ಅವರು ಕೇಳುತ್ತಿರುವ ತಿಂಗಳ 15,000ವನ್ನೇ ಕೊಟ್ಟರೂ ವರ್ಷಕ್ಕೆ 756 ಕೋಟಿ. ಅದರಲ್ಲಿ ದೊಡ್ಡ ಪಾಲು ಈಗಲೂ ಕೊಡುತ್ತಿರುವುದೇ, ಹೊಸದಾಗಿ ಬೇಕಾದದ್ದು ಉಳಿದದ್ದು ಮಾತ್ರ. 2025-26ರ ರಾಜ್ಯ ಬಜೆಟ್ 4,09,549 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ 20 ಪೈಸೆಗೂ ಕಡಿಮೆ. ಗೃಹಲಕ್ಷ್ಮಿಗೆ ಅದೇ ಬಜೆಟ್‌ನಲ್ಲಿ 28 ಸಾವಿರ ಕೋಟಿಗೂ ಮೇಲೆ ಇಟ್ಟಿದ್ದರು. ಅದನ್ನು ತೆಗೆಯಿರಿ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಗೂ ಬರುತ್ತದೆ, ಮಗಳ ಹಾಸ್ಟೆಲ್ಲಿಗೆ ಆಗುತ್ತದೆ. ದುಡ್ಡಿಲ್ಲ ಅನ್ನುವ ಮಾತು ಮಾತ್ರ ಬೇಡ.

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕುಳಿತಾಗ, ಏಪ್ರಿಲ್‌ನಿಂದ ಕೇಂದ್ರದ್ದೂ ರಾಜ್ಯದ್ದೂ ಸೇರಿ ತಿಂಗಳಿಗೆ ಕನಿಷ್ಠ 10,000 ಕೈಗೆ ಬರುವ ಹಾಗೆ ಮಾಡುತ್ತೇವೆ ಅಂತ ಸರ್ಕಾರ ಒಪ್ಪಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಮತ್ತೆ ಧರಣಿ ಕೂರಬೇಕಾಯಿತು. ಯಾಕೆ ಪದೇ ಪದೇ ಅಂತ ಕೇಳಿದ ವಾಚಕರಿಗೆ ಇದೇ ಉತ್ತರ. ಒಪ್ಪಿದ್ದನ್ನು ಕೊಟ್ಟಿದ್ದರೆ ಯಾರೂ ಎರಡನೇ ಸಲ ಹೋಗುತ್ತಿರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು ಅಂತ ನೋಡಿಯೇ ಹೆಂಗಸರು ರೈಲು ಹತ್ತುತ್ತಾರೆ. ಆ ದಿನಗಳಲ್ಲಿ ಬಡಿದವನು ನಾನೇ. ಒಂದು ರೊಟ್ಟಿಯೂ ದುಂಡಗೆ ಬರಲಿಲ್ಲ.

ಕಾಯಂ ಪಗಾರ ಕೊಟ್ಟರೆ ಸೋಮಾರಿಗಳಾಗುತ್ತಾರೆ ಅನ್ನುವ ಮಾತೊಂದಿದೆ. ಕೆಲವರು ಆಗಬಹುದು. ಈಗಲೂ ಕೆಲಸಗಳ್ಳರು ಇಲ್ಲ ಅಂತ ನಾನು ವಾದಿಸುವುದಿಲ್ಲ, ಕಟ್ಟೆ ಮೇಲೆ ಕುಳಿತು ಅವರೇ ಒಬ್ಬರನ್ನೊಬ್ಬರು ಬೈಯುವುದನ್ನು ಕೇಳಿದ್ದೇನೆ. ಆದರೆ ಪಗಾರ ತೆಗೆದುಕೊಳ್ಳುವ ಮಾಸ್ತರು, ತಲಾಟಿ, ನರ್ಸ್, ಎಂಜಿನಿಯರ್ ಯಾರಿಗೂ ಈ ಪ್ರಶ್ನೆ ಕೇಳುವುದಿಲ್ಲವಲ್ಲ? ಆಶಾ ಮಾತ್ರ ಊರಿನವರ ಕಣ್ಣೆದುರೇ ಇರುತ್ತಾಳೆ. ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಅವಳ ಕೆಲಸದ ಬಗ್ಗೆ ಊರ ಹೆಂಗಸರನ್ನು ಕೇಳಿ. ಅದಕ್ಕಿಂತ ಕಟ್ಟುನಿಟ್ಟಿನ ಪರೀಕ್ಷೆ ಇನ್ನೊಂದಿಲ್ಲ.

ಸಂಖ್ಯೆಯ ಬಗ್ಗೆಯೂ ಒಂದು ಮಾತು. ಸಾವಿರಕ್ಕೆ ಒಬ್ಬಳು ಅನ್ನುವುದು ಬಯಲಿನ ದೊಡ್ಡ ಊರಿಗೆ ಸರಿ. ನಮ್ಮ ಎರಿ ನೆಲದಲ್ಲಿ ಮಳೆ ಬಂದರೆ ಹೊಲದ ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಊರಿನಿಂದ ದೂರ ಇರುವ ತಾಂಡಾ, ತೋಟದ ಮನೆಗಳು ಸಾವಿರದ ಲೆಕ್ಕದಲ್ಲಿ ಕೊನೆಗೆ ಬರುತ್ತವೆ. ಅಲ್ಲಿಗೆ ಬೇರೆಯೇ ಆಶಾ ಬೇಕು, ಅಲ್ಲಿನವಳೇ ಆದರೆ ಒಳ್ಳೆಯದು, ಲಂಬಾಣಿ ಮಾತು ಬಲ್ಲವಳು. ಪೇಟೆಯಲ್ಲಿ ಇನ್ನೂ ಬೇರೆ ತೊಂದರೆ. ಹಳೇ ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಮನೆ ಇದೆ. ಅಲ್ಲಿ ಬಾಡಿಗೆಯವರು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಹೋದ ತಿಂಗಳು ಹೆಸರು ಬರೆದ ಬಸುರಿ ಈ ತಿಂಗಳು ಯಾವ ಓಣಿಯಲ್ಲಿದ್ದಾಳೆ ಅಂತ ಹುಡುಕುವುದೇ ಕೆಲಸ. ಅಲ್ಲಿಯ ಆಶಾಗೆ ಒಬ್ಬ ಗರ್ಭಿಣಿಯ ರೇಟು ಹಳ್ಳಿಗಿಂತ ಕಡಿಮೆ, ತಪಾಸಣೆ, ಹೆರಿಗೆ ಎರಡೂ ಸೇರಿ 400. ಪೇಟೆಯಲ್ಲಿ ದವಾಖಾನೆ ಹತ್ತಿರ ಅಂತ ಲೆಕ್ಕ ಹಾಕಿದ್ದಾರೋ ಏನೋ. ಬಾಡಿಗೆ ಜಾಸ್ತಿ ಅಂತ ಯಾರೂ ಲೆಕ್ಕ ಹಾಕಿಲ್ಲ.

ಕೊನೆಗೆ ‘ಬಿಟ್ಟರೆ ಬೇರೆಯವರು ಬರುತ್ತಾರೆ’ ಅನ್ನುವ ಮಾತಿಗೆ ಬರುತ್ತೇನೆ. ಬರುತ್ತಿಲ್ಲ. ನಮ್ಮ ಪಕ್ಕದ ತಾಂಡಾದ ಆಶಾ ಕೆಲಸ ಬಿಟ್ಟು ಗಂಡನ ಜೊತೆ ಗೋವಾಕ್ಕೆ ಹೋದಳು. ಆ ಜಾಗ ಖಾಲಿ ಬಿದ್ದು ಬಹಳ ದಿನವಾಯಿತು. ಉಳ್ಳಾಗಡ್ಡಿ ಕೀಳುವ ಹಂಗಾಮಿನಲ್ಲಿ ಹೊಲಕ್ಕೆ ಹೋದರೆ ಸಂಜೆಗೆ ಕೂಲಿ ಕೈಗೆ ಬರುತ್ತದೆ, ಮೀಟಿಂಗ್ ಇಲ್ಲ, ಫಾರ್ಮ್ ಇಲ್ಲ, ರಾತ್ರಿ ಫೋನ್ ಇಲ್ಲ. ಹತ್ತನೇ ಕ್ಲಾಸ್ ಪಾಸಾದ ಸೊಸೆಯಂದಿರು ಲೆಕ್ಕ ಬಲ್ಲವರು. ಸದ್ಯ ಆ ತಾಂಡಾದ ಬಸುರಿಯರನ್ನೂ ನನ್ನ ಹೆಂಡತಿಯೇ ನೋಡುತ್ತಿದ್ದಾಳೆ. ಅದಕ್ಕೆ ಪೂರ್ತಿ ಗೌರವಧನ ಬೇರೆ ಇಲ್ಲ, ಪೀಸ್ ರೇಟ್ ಮಾತ್ರ.

ಕಾಯಂ ಪಗಾರಕ್ಕೆ ಕಾನೂನು ಬೇಕು, ಬಜೆಟ್ ಬೇಕು, ದೆಹಲಿ ಒಪ್ಪಬೇಕು, ಅದೆಲ್ಲಾ ನನಗೂ ಗೊತ್ತು. ಅದಾಗುವ ತನಕ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಖರ್ಚೂ ಇಲ್ಲ. ಪ್ರತಿ ತಿಂಗಳು ಆಶಾಗಳ ಖಾತೆಗೆ ದುಡ್ಡು ಬೀಳುವಾಗ ಒಂದು ಚೀಟಿ ಕೊಡಿ. ಯಾವ ಬಸುರಿಯ ಬಾಬ್ತು ಎಷ್ಟು, ಯಾವ ಕೂಸಿನ ಬಾಬ್ತು ಎಷ್ಟು, ಯಾವುದನ್ನು ಯಾಕೆ ಬಿಟ್ಟಿದ್ದೀರಿ ಅಂತ ಅದರಲ್ಲಿ ಬರೆದಿರಲಿ. ಈಗ ಬರೀ ಒಂದು ಮೊತ್ತದ ಮೆಸೇಜ್ ಬರುತ್ತದೆ. ಒಂದು ತಿಂಗಳು 2,150, ಇನ್ನೊಂದು ತಿಂಗಳು 840. ಯಾವುದರದ್ದು ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ನಾನು ಒಂದು ಬ್ಲೌಸಿಗೂ ಅಳತೆ, ತಾರೀಕು, ಮಜೂರಿ, ಅಡ್ವಾನ್ಸ್ ಬರೆದು ರಸೀದಿ ಹರಿದು ಕೊಡುತ್ತೇನೆ. ಜಿಲ್ಲೆಯ ಆರೋಗ್ಯ ಅಧಿಕಾರಿಗಳು ಇದನ್ನು ಓದಿದರೆ, ಬರುವ ತಿಂಗಳಿಂದಲೇ ಆ ಚೀಟಿ ಕೊಡಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಆಶಾ ಕಾರ್ಯಕರ್ತೆಯೊಬ್ಬರ ಗಂಡ
ರೋಣ ತಾಲ್ಲೂಕು, ಗದಗ ಜಿಲ್ಲೆ